ವಾಪಸು ಬಂದ ಲವಂಗ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಬೀಗಿತ್ತಿ ಅಂತ. ಬೀಗಲ್ ಜಾತಿಯ ನಾಯಿ ಸಾಕಿ ಮರಿ ಕೊಡುತ್ತಾಳಲ್ಲ, ಅದಕ್ಕೇ ಆ ಹೆಸರು ಎಂದು ಅರ್ಧ ಜನ ತಿಳಿದಿದ್ದರು. ನಿಜ ಸಂಗತಿ ಬೇರೆ. ಮರಿ ಕೇಳಿಕೊಂಡು ಬಂದವರನ್ನು ಅವಳು ಮಗಳನ್ನು ಕೊಡುವ ತಾಯಿಯ ಹಾಗೆ ಕೂರಿಸಿಕೊಂಡು ವಿಚಾರಿಸುತ್ತಿದ್ದಳು. ಮನೆಯಲ್ಲಿ ಎಷ್ಟು ಜನ? ಹಗಲು ಹೊತ್ತು ಯಾರಿರುತ್ತಾರೆ? ಯಜಮಾನರಿಗೆ ಸಿಟ್ಟು ಜಾಸ್ತಿಯೋ? ಮರಿ ಕೊಟ್ಟಾದ ಮೇಲೂ ಬಿಡದೆ ಫೋನು ಮಾಡಿ ಸಮಾಚಾರ ಕೇಳುತ್ತಿದ್ದಳು. "ಊರ ತುಂಬ ಬೀಗರನ್ನ ಮಾಡ್ಕೊಂಡಿದ್ದೀಯಲ್ಲೇ ಬೀಗಿತ್ತಿ" ಎಂದು ಒಂದು ದಿನ ಗಂಡ ರೇಗಿಸಿದ. ಅದೇ ನಿಂತುಬಿಟ್ಟಿತು.

ಗಂಡ ತಕ್ಕಡಿ ರಿಪೇರಿಯವನು. ಮನೆಯ ಮುಂಗೋಣೆಯೇ ಅವನ ಅಂಗಡಿ. ಅಲ್ಲಿ ಬಿಚ್ಚಿಟ್ಟ ಸ್ಪ್ರಿಂಗು, ತಟ್ಟೆ, ಮುಳ್ಳುಗಳ ರಾಶಿ. ನಡುಮನೆಯಲ್ಲಿ ಹಲಗೆ ಜೋಡಿಸಿದ ಮರಿಪೆಟ್ಟಿಗೆ, ಅದರ ಮೇಲೊಂದು ಬಿಸಿ ದೀಪ, ನೆಲಕ್ಕೆಲ್ಲ ಹಳೇ ಪತ್ರಿಕೆ. ಹೊಸ ಮರಿಗಳನ್ನು ದಿನಾ ಬೆಳಿಗ್ಗೆ ತೂಗಿ ಬರೆದಿಡುವುದು ಅವನ ಪಾಲಿನ ಕೆಲಸ. "ಮೂರನೇದು ಇಪ್ಪತ್ತು ಗ್ರಾಂ ಇಳಿದಿದೆ. ತಕ್ಕಡಿಯಲ್ಲಿ ಮೋಸ ಇಲ್ಲ, ನಿಮ್ಮಮ್ಮನ ಹತ್ರ ದೂರು ಕೊಡು" ಎಂದು ಮರಿಗೇ ಹೇಳುತ್ತಿದ್ದ.

ಮೊದಮೊದಲು ಬೀಗಿತ್ತಿಗೆ, ಕೊಟ್ಟ ಮರಿ ವಾಪಸು ಬರಬಹುದು ಎಂಬ ಯೋಚನೆಯೇ ಇರಲಿಲ್ಲ. ಎರಡನೇ ಸೂಲಿನ ಮರಿಯೊಂದನ್ನು ಒಯ್ದಿದ್ದ ಬಡಗಿಯೊಬ್ಬ ಏಳು ತಿಂಗಳ ನಂತರ ಅದನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಮಾಡಿಟ್ಟ ಕುರ್ಚಿಯ ಕಾಲೆಲ್ಲ ಕಡಿದಿದೆ, ದಿನವಿಡೀ ಊಳಿಡುತ್ತೆ, ನನ್ನ ಕೈಲಾಗಲ್ಲ ಅಂದ. ಇವಳಿಗೆ ಮೈಯೆಲ್ಲ ಉರಿದುಹೋಯಿತು. "ಸಾಕೋ ಯೋಗ್ಯತೆ ಇಲ್ಲದೋರು ಯಾಕೆ ತಗೊಂಡು ಹೋಗ್ಬೇಕಿತ್ತು? ನಿಮ್ಮ ಮಕ್ಕಳು ಹಟ ಮಾಡಿದ್ರೆ ಹೀಗೇ ವಾಪಸ್ ಕೊಡ್ತೀರಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈದು, ಬಾಗಿಲು ಹಾಕಿಕೊಂಡಳು. ಬಡಗಿ ತಲೆ ತಗ್ಗಿಸಿ ಹೋದ. ನಾಲ್ಕು ದಿನದ ಮೇಲೆ ಇವಳೇ ಮನಸ್ಸು ತಡೆಯದೆ ಅವನ ಮನೆ ಹುಡುಕಿಕೊಂಡು ಹೋದರೆ ನಾಯಿ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಿದ್ದ.

"ಇನ್ನೊಂದು ಸಲ ನಿಮ್ಮ ಬಾಗಿಲಿಗೆ ಬರೋ ಧೈರ್ಯ ಆಗ್ಲಿಲ್ಲಮ್ಮ" ಅಂದ ಅವನು.

ಹತ್ತು ದಿನ ಅವಳೂ ಗಂಡನೂ ಮಗಳೂ ನಿಲ್ದಾಣದ ಸುತ್ತಮುತ್ತ ಸಂದಿಗೊಂದಿ ಬಿಡದೆ ಅಲೆದರು. ನಾಯಿ ಸಿಗಲಿಲ್ಲ.

ಅಂದಿನಿಂದ ಮರಿ ಕೊಡುವಾಗ ಚುಚ್ಚುಮದ್ದಿನ ಕಾರ್ಡಿನ ಜೊತೆ ಒಂದು ಚೀಟಿಯನ್ನೂ ಕೊಡತೊಡಗಿದಳು. ಅವಳದೇ ಕೈಬರಹ: "ಯಾವ ಕಾರಣಕ್ಕೇ ಆಗಲಿ, ಯಾವ ವಯಸ್ಸಿನಲ್ಲೇ ಆಗಲಿ, ಸಾಕಲು ಆಗದಿದ್ದರೆ ನನಗೇ ತಂದುಕೊಡಿ. ಏನೂ ಅನ್ನುವುದಿಲ್ಲ."

ಏನೂ ಅನ್ನುತ್ತಲೂ ಇರಲಿಲ್ಲ. ವಾಪಸು ತಂದವರನ್ನು ಕೂರಿಸಿ ಚಹಾ ಕೊಡುತ್ತಿದ್ದಳು. ನಾಯಿ ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಯಾವುದಕ್ಕೆ ಹೆದರುತ್ತೆ ಎಂದಷ್ಟೇ ಕೇಳುತ್ತಿದ್ದಳು. ಯಾಕೆ ತಂದಿರಿ ಎಂದು ಆ ದಿನ ಕೇಳಿದರೆ ಜನ ಸುಳ್ಳು ಹೇಳುತ್ತಾರೆ ಎಂಬುದು ಅವಳಿಗೆ ಗೊತ್ತಾಗಿತ್ತು. ಅಲರ್ಜಿ ಅನ್ನುತ್ತಾರೆ, ವರ್ಗ ಆಗಿದೆ ಅನ್ನುತ್ತಾರೆ. ವಾರ ಬಿಟ್ಟು ಫೋನು ಮಾಡಿದರೆ ನಿಜ ತಾನಾಗಿಯೇ ಹೊರಗೆ ಬರುತ್ತಿತ್ತು.

ಬಂದ ನಾಯಿಗೆ ಹಿತ್ತಿಲ ಕಡೆಯ ಕೋಣೆ. ಹೊರಗಿನ ರೋಗ ಮರಿಗಳಿಗೆ ತಗುಲದಿರಲಿ ಎಂದು ಹದಿನೈದು ದಿನ ಅಲ್ಲೇ ವಾಸ; ಅವಳು ಒಳಹೋಗುವಾಗ ಬೇರೆ ಚಪ್ಪಲಿ, ಬೇರೆ ಅಂಗಿ. ಹಳೇ ಮನೆಯಿಂದ ಬಂದ ಹೊದಿಕೆಯನ್ನು ಒಗೆಯುತ್ತಿರಲಿಲ್ಲ. ನಾಯಿಗೆ ಗೊತ್ತಿರುವ ವಾಸನೆ ಅದೊಂದೇ ಅಲ್ಲವೇ. ಮೊದಲ ಮೂರು ದಿನ ಮುದ್ದೂ ಇಲ್ಲ, ಗದರುವುದೂ ಇಲ್ಲ. ಬಾಗಿಲ ಬಳಿ ಮಣೆ ಹಾಕಿಕೊಂಡು ಬಟಾಣಿ ಬಿಡಿಸುತ್ತ ಸುಮ್ಮನೆ ನೋಡುತ್ತಿದ್ದಳು. ಪೊರಕೆ ಎತ್ತಿದರೆ ಮೂಲೆ ಸೇರುತ್ತದೆ ಎಂದರೆ ಆ ಮನೆಯಲ್ಲಿ ಪೊರಕೆಯ ಏಟು ಬಿದ್ದಿದೆ. ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತದೆ ಎಂದರೆ ಯಾರೋ ತಿನ್ನುವಾಗ ಕಿತ್ತುಕೊಂಡಿದ್ದಾರೆ.

ಹೀಗೆ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ನಾಯಿ ವಾಪಸು ಬಂದವು, ಹನ್ನೊಂದಕ್ಕೂ ಮನೆ ಸಿಕ್ಕಿತು. ಹನ್ನೆರಡನೆಯದನ್ನು ತಂದವಳು ಅವಳ ಸ್ವಂತ ಮಗಳು.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಲಾರಿ ಓಡಿಸುವವನು. ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆ. ಒಬ್ಬಳೇ ಇರುತ್ತಾಳೆ, ಜೊತೆಗಿರಲಿ ಎಂದು ಬೀಗಿತ್ತಿ ತಾನಾಗಿ ಒಂದು ಗಂಡು ಮರಿ ಕೊಟ್ಟಿದ್ದಳು. ಹುಬ್ಬಿನ ಮೇಲೆ ಲವಂಗದ ಮೊಗ್ಗಿನಂಥ ಕಪ್ಪು ಮಚ್ಚೆ ಇದ್ದುದರಿಂದ ಮಗಳು ಅದಕ್ಕೆ ಲವಂಗ ಅಂತ ಹೆಸರಿಟ್ಟಳು. ಉಳಿದವರಿಗೆ ಕೇಳುತ್ತಿದ್ದ ಪ್ರಶ್ನೆ ಒಂದನ್ನೂ ಮಗಳಿಗೆ ಕೇಳಿರಲಿಲ್ಲ. ಕೇಳುವುದೇನು, ನಾಯಿಗಳ ನಡುವೆಯೇ ಬೆಳೆದವಳು.

ಒಂದು ಭಾನುವಾರ ಬೆಳಿಗ್ಗೆ ಮಗಳು ಲವಂಗವನ್ನು ಹಗ್ಗದಲ್ಲಿ ಹಿಡಿದು ಬಂದಳು. ನಾಯಿಗೆ ಆಗ ಒಂದು ವರ್ಷ ಎರಡು ತಿಂಗಳು. ಬೀಗಿತ್ತಿ ಖುಷಿಯಿಂದ ಬಗ್ಗಿ ಕತ್ತು ಸವರಿದಳು. ಬೆರಳಿಗೆ ಬರಿ ಚರ್ಮ ತಾಗಿತು. ಕೊರಳಪಟ್ಟಿ ಸರಿಸಿ ನೋಡಿದರೆ ಕತ್ತಿನ ಸುತ್ತ ಬಳೆಯ ಹಾಗೆ ಕೂದಲು ಉದುರಿ, ಚರ್ಮ ಕೆಂಪಾಗಿತ್ತು.

"ಏನೇ ಇದು? ಕಟ್ಟಿ ಹಾಕಿದ್ಯಾ?"

ಮಗಳು ನೆಲ ನೋಡಿದಳು. "ಅಮ್ಮ, ಇದನ್ನ ವಾಪಸ್ ತಗೋ. ನನ್ನ ಕೈಲಾಗ್ತಿಲ್ಲ."

"ಎಷ್ಟು ದಿನದಿಂದ ಕಟ್ಟಿದ್ದೀಯ?"

"ಆರು ತಿಂಗಳು. ಬಾಲ್ಕನಿಯಲ್ಲಿ."

ಚೀಟಿಯಲ್ಲಿ ಬರೆದದ್ದೆಲ್ಲ ಗಾಳಿಗೆ ಹೋಯಿತು. ಬೀಗಿತ್ತಿ ಬೈದಳು. ಬಡಗಿಗೆ ಬೈದದ್ದಕ್ಕಿಂತ ಜೋರಾಗಿ ಬೈದಳು. ಈ ಮನೆಯಲ್ಲಿ ಹುಟ್ಟಿ ಬೆಳೆದು ಇದನ್ನೇ ಕಲಿತದ್ದಾ, ಮೂಕ ಪ್ರಾಣಿಯ ಕತ್ತು ಕಾಣಲಿಲ್ಲವಾ, ಹೊರಗಿನವರೇ ವಾಸಿ ಅಂದಳು. ಮುಂಗೋಣೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಗಂಡ ಬಂದು ಬಾಗಿಲಲ್ಲಿ ನಿಂತ.

ಮಗಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, ದನಿ ಏರಿಸದೆ, "ಇದಕ್ಕೇ ಆರು ತಿಂಗಳು ಬರ್ಲಿಲ್ಲ" ಅಂದಳು.

"ಯಾಕೆ, ನಾನೇನು ಹುಲಿನಾ? ಬೇರೆಯೋರೆಲ್ಲ ತಂದು ಕೊಡ್ತಾರಲ್ಲ? ಯಾರಿಗಾದ್ರೂ ಏನಾದ್ರೂ ಅಂದಿದ್ದೀನಾ?"

"ಅವರ ಮುಂದೆ ಅಂದಿಲ್ಲ. ಅವರಿಗೆ ಚಹಾ ಕೊಟ್ಟು ಕಳಿಸ್ತಿದ್ದೆ. ಅವರು ಗೇಟು ದಾಟಿದ್ಮೇಲೆ ಶುರುವಾಗ್ತಿತ್ತು. ಅಡುಗೆ ಮಾಡ್ತಾ, ಊಟಕ್ಕೆ ಕೂತ್ಕೊಂಡು, ಎಂಥಾ ಜನ, ಹೃದಯ ಇಲ್ಲ, ಇವರನ್ನೇ ಹಿಡಿದು ಕಟ್ಟಿಹಾಕ್ಬೇಕು ಅಂತ. ಅವರ್ಯಾರೂ ಅದನ್ನ ಕೇಳಿಸ್ಕೊಂಡಿಲ್ಲಮ್ಮ. ಕೇಳಿಸ್ಕೊಂಡು ಬೆಳೆದೋಳು ನಾನೊಬ್ಳೇ."

ಲವಂಗ ಇಬ್ಬರ ಮುಖವನ್ನೂ ನೋಡಿ, ಯಾರ ಪಕ್ಷವೂ ಬೇಡವೆಂಬಂತೆ ಗಂಡನ ಕಾಲ ಸಂದಿ ಸೇರಿತು.

"ಬಾರೋ" ಎಂದು ಅವನು ಹಗ್ಗ ಹಿಡಿದುಕೊಂಡ. "ಮೊದ್ಲು ತೂಕ ನೋಡೋಣ. ಬೈಯೋದು ಬೈಸ್ಕೊಳ್ಳೋದು ಆಮೇಲೂ ಇರುತ್ತೆ."

ತೂಕ ಸರಿಯಾಗಿಯೇ ಇತ್ತು. ಹೊಟ್ಟೆಗೆ ಕಮ್ಮಿ ಮಾಡಿರಲಿಲ್ಲ. ಅಷ್ಟು ಕೇಳಿದ ಮೇಲೆ ಮಗಳು ಅಳತೊಡಗಿದಳು.

ನಿಧಾನವಾಗಿ ಎಲ್ಲ ಹೊರಬಂತು. ಲ್ಯಾಬಿನಲ್ಲಿ ಪಾಳಿ ಬದಲಾಗಿ ಹತ್ತು ಗಂಟೆ ಹೊರಗಿರಬೇಕಾಗಿತ್ತು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಂಟಿಯಾದ ಲವಂಗ ಊಳಿಟ್ಟಿತು, ಸೋಫಾ ಬಗೆಯಿತು. ಪಕ್ಕದ ಮನೆಯ ಬಾಣಂತಿ ಬಂದು ಕೈಮುಗಿದಳು: "ಅಕ್ಕಾ, ಮಗು ಮಲಗ್ತಾನೇ ಇಲ್ಲ." ಹಾಗಾಗಿ ಬಾಲ್ಕನಿ, ಹಾಗಾಗಿ ಹಗ್ಗ. ಇವತ್ತು ಅಮ್ಮನಿಗೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ದಿನ ದೂಡಿದ್ದಳು. ಬೀಗಿತ್ತಿ ಫೋನು ಮಾಡಿದಾಗಲೆಲ್ಲ ಲವಂಗ ಚೆನ್ನಾಗಿದೆ ಅನ್ನುತ್ತಿದ್ದಳು.

ಬೀಗಿತ್ತಿ ಆ ದಿನ ಕ್ಷಮೆಯನ್ನೇನೂ ಕೇಳಲಿಲ್ಲ. ತಾಯಂದಿರಿಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ. "ಊಟ ಮಾಡಿ ಹೋಗು" ಅಂದಳು, ಅಷ್ಟೆ. ಆದರೆ ಮಾರನೇ ದಿನ ಹಿತ್ತಿಲ ಕೋಣೆಯಲ್ಲಿ ಲವಂಗದ ಕತ್ತಿಗೆ ಮುಲಾಮು ಹಚ್ಚುತ್ತ ಯೋಚಿಸಿದಳು. ಹಗಲೆಲ್ಲ ಹೊರಗೆ ದುಡಿಯುವ, ಮೂರನೇ ಮಹಡಿಯಲ್ಲಿ ಒಬ್ಬಳೇ ಇರುವ ಹೆಂಗಸು ಮರಿ ಕೇಳಿಕೊಂಡು ಬಂದಿದ್ದರೆ ತಾನು ಕೊಡುತ್ತಿದ್ದೆನೇ? ಖಂಡಿತ ಇಲ್ಲ, ಬಾಗಿಲಿಂದಲೇ ಕಳಿಸುತ್ತಿದ್ದಳು. ಮಗಳು ಮರಿ ಬೇಕು ಅಂತ ಕೇಳಿಯೂ ಇರಲಿಲ್ಲ.

ಸಂಜೆ ಫೋನು ಮಾಡಿ ಅದನ್ನೇ ಹೇಳಿದಳು. "ನಿನಗೆ ನಾಯಿ ಕೊಟ್ಟಿದ್ದೇ ತಪ್ಪು ಕಣೇ. ಒಂದು ಮಾತು ಕೇಳ್ದೇನೇ ಕೊಟ್ಟೆ."

"ಕತ್ತು ಹೇಗಿದೆ?" ಎಂದಳು ಮಗಳು.

ಹದಿನೈದು ದಿನ ಕಳೆದ ಮೇಲೆ ಮನೆ ಹುಡುಕುವ ಕೆಲಸ. ಬೀಗಿತ್ತಿ ಈ ಬಾರಿ ಮಗಳನ್ನೂ ಕರೆಸಿಕೊಂಡಳು. ಮೊದಲು ಬಂದ ಬಟ್ಟೆ ಅಂಗಡಿಯವನಿಗೆ ಗೋದಾಮು ಕಾಯುವ ನಾಯಿ ಬೇಕಿತ್ತು. "ಕಳ್ಳ ಬಂದ್ರೆ ಇದು ಅವನ ಜೇಬಲ್ಲಿ ಬಿಸ್ಕತ್ತಿದೆಯಾ ಅಂತ ಹುಡುಕುತ್ತೆ ಸ್ವಾಮಿ" ಎಂದು ಗಂಡ ಅವನನ್ನು ಸಾಗಹಾಕಿದ. ಆಮೇಲೆ ದಂಪತಿಗಳಿಬ್ಬರು ಬಂದರು. ತಮ್ಮ ಮಗಳ ಹುಟ್ಟುಹಬ್ಬಕ್ಕೆ ಅಚ್ಚರಿ ಉಡುಗೊರೆ ಬೇಕಂತೆ. ಉಡುಗೊರೆ ಎಂಬ ಮಾತು ಕೇಳಿದೊಡನೆ ಬೀಗಿತ್ತಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದವರನ್ನು ಹಾಗೇ ಕಳಿಸಿದರು.

ಮೂರನೆಯವನು ನಿವೃತ್ತ ಅಂಚೆಯವನು. ಹೆಂಡತಿ ಹೋಗಿ ಮೂರು ವರ್ಷ. ಕೆಲಸ ಬಿಟ್ಟರೂ ಕಾಲು ಕೇಳಬೇಕಲ್ಲ, ದಿನಾ ಬೆಳಿಗ್ಗೆ ಹಳೇ ಬಡಾವಣೆಯನ್ನೆಲ್ಲ ಒಂದು ಸುತ್ತು ನಡೆದು ಬರುತ್ತಿದ್ದ.

"ಮೂವತ್ತೆಂಟು ವರ್ಷ ನಾಯಿಗಳು ನನ್ನ ಅಟ್ಟಿಸ್ಕೊಂಡು ಬಂದಿವೆ ತಂಗೀ" ಅಂದ. "ಒಂದಾದ್ರೂ ಜೊತೆಯಲ್ಲಿ ನಡೀಲಿ ಅಂತ ಆಸೆ."

ಬೀಗಿತ್ತಿ ನಗಲಿಲ್ಲ. ಕೊಡುವ ಮುಂಚೆ ನಾಯಿಯ ತಪ್ಪೆಲ್ಲ ಹೇಳಿಬಿಡುವುದು ಅವಳ ಪದ್ಧತಿ. ಬಾಯಿ ತೆರೆಯುವಷ್ಟರಲ್ಲಿ ಮಗಳೇ ಮುಂದಾದಳು.

"ಅಂಕಲ್, ಇದು ಊಳಿಡುತ್ತೆ. ಒಂಟಿಯಾಗಿ ಬಿಟ್ರೆ ಬಾಯಿಗೆ ಸಿಕ್ಕಿದ್ದೆಲ್ಲ ಹರಿಯುತ್ತೆ. ಬಾಗಿಲು ತೆರೆದಿದ್ರೆ ವಾಸನೆ ಹಿಡ್ಕೊಂಡು ಓಡುತ್ತೆ, ಕರೆದ್ರೆ ತಿರುಗಿ ನೋಡಲ್ಲ. ಹಗ್ಗ ಕಂಡ್ರೆ ನಡುಗುತ್ತೆ. ಅದು ನಾಯಿ ತಪ್ಪಲ್ಲ. ನಾನು ಆರು ತಿಂಗಳು ಕಟ್ಟಿಹಾಕಿದ್ದೆ."

ಬೀಗಿತ್ತಿ ಮಗಳನ್ನೇ ನೋಡಿದಳು. ಹದಿನಾಲ್ಕು ವರ್ಷದಲ್ಲಿ ನಾಯಿ ವಾಪಸು ತಂದ ಯಾರೂ ಹೊಸ ಮನೆಯವರ ಎದುರು ಕೂತು ಇಷ್ಟು ನೆಟ್ಟಗೆ ಹೇಳಿರಲಿಲ್ಲ.

ಅಂಚೆಯವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. "ನಮ್ಮನೆ ಒಂದು ಪಕ್ಕ ಮರ ಕೊಯ್ಯೋ ಮಿಲ್ಲು, ಇನ್ನೊಂದು ಪಕ್ಕ ಖಾಲಿ ಜಾಗ. ಎಷ್ಟು ಬೇಕಾದ್ರೂ ಊಳಿಡಲಿ. ನಾನೂ ಮನೇಲೇ ಇರ್ತೀನಿ. ಹಗ್ಗಕ್ಕೆ ಏನು ಮಾಡೋದು?"

"ಎದೆಗೆ ಹಾಕೋ ಅಗಲದ ಪಟ್ಟಿ ಸಿಗುತ್ತೆ, ಕತ್ತಿಗೆ ಬೇಡ. ಮೊದಲ ವಾರ ನಾನು ಬಂದು ಹಾಕಿ ತೋರಿಸ್ತೀನಿ" ಅಂದಳು ಮಗಳು.

ಎರಡು ವಾರ ಇಟ್ಟುಕೊಂಡು ನೋಡಿ, ಆಗದಿದ್ದರೆ ಸಂಕೋಚವಿಲ್ಲದೆ ತನ್ನಿ ಎಂದು ಮಾತಾಯಿತು. ಮೊದಲ ವಾರ ಸುಲಭವಿರಲಿಲ್ಲ. ಮೂರನೇ ದಿನ ಲವಂಗ ಅಂಚೆಯವನ ಒಂದು ಬೂಟನ್ನು ಪೂರ್ತಿ ಮುಗಿಸಿತು. ಐದನೇ ದಿನ ಗೇಟಿನಿಂದ ನುಸುಳಿ ಮಿಲ್ಲಿನ ಹೊಟ್ಟಿನ ರಾಶಿಯಲ್ಲಿ ಮಲಗಿಕೊಂಡು, ಮೂರು ಗಂಟೆ ಕಾಲ ಎಲ್ಲರನ್ನೂ ಓಡಾಡಿಸಿತು. ಮಗಳು ಪಾಳಿ ಮುಗಿಸಿ ದಿನಾ ಹೋಗುತ್ತಿದ್ದಳು. ಮೊದಲು ಪಟ್ಟಿಯನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ತಿಂಡಿ ಇಟ್ಟಳು, ಆಮೇಲೆ ಬೆನ್ನ ಮೇಲೆ ಹಗುರಾಗಿ ಇರಿಸಿ ತೆಗೆದಳು, ಕೊನೆಗೆ ಕೊಂಡಿ ಹಾಕಿದಳು. ಎಂಟನೇ ದಿನ ಲವಂಗ ಎದೆಪಟ್ಟಿ ಹಾಕಿಸಿಕೊಂಡು, ನಡುಗದೆ, ಮೂಗು ನೆಲಕ್ಕಿಟ್ಟು ಅಂಚೆಯವನ ಮುಂದೆ ಮುಂದೆ ನಡೆಯಿತು. ಎರಡು ವಾರ ಮುಗಿದಾಗ ಅವನು ಫೋನು ಮಾಡಿ, "ಸಾಹೇಬ್ರು ಇಲ್ಲೇ ಇರ್ತಾರಂತೆ" ಅಂದ.

ಬೀಗಿತ್ತಿ ಒಂದೆರಡು ರೂಢಿ ಬದಲಿಸಿಕೊಂಡಳು. ಮರಿಗೆ ಏಳೆಂಟು ತಿಂಗಳಾಗುವ ಹೊತ್ತಿಗೆ ಫೋನು ಮಾಡಿ, ನಾಯಿಯ ಸುದ್ದಿಗಿಂತ ಮುಂಚೆ, "ನಿಮಗೆ ಕಷ್ಟ ಆಗ್ತಿದೆಯಾ? ಆಗ್ತಿದ್ರೆ ಈಗ್ಲೇ ಹೇಳಿ, ಬೇಜಾರಿಲ್ಲ" ಎಂದು ಕೇಳತೊಡಗಿದಳು. ಅಚ್ಚರಿಯೆಂದರೆ, ಹಾಗೆ ಕೇಳಿಸಿಕೊಂಡವರಲ್ಲಿ ಬಹಳಷ್ಟು ಜನ ಒಂದರ್ಧ ಗಂಟೆ ಗೋಳು ತೋಡಿಕೊಂಡು, ಎರಡು ಉಪಾಯ ಕೇಳಿಕೊಂಡು, ನಾಯಿಯನ್ನು ತಾವೇ ಇಟ್ಟುಕೊಂಡರು. ಇನ್ನು ಜನ ಹೋದ ಮೇಲೆ ಬೈಯುವ ಅಭ್ಯಾಸ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಒಮ್ಮೊಮ್ಮೆ ಶುರು ಮಾಡುತ್ತಾಳೆ. ಗಂಡ ಕೆಮ್ಮುತ್ತಾನೆ, ನಿಲ್ಲಿಸುತ್ತಾಳೆ.

ಆರು ತಿಂಗಳ ನಂತರ ಅಂಚೆಯವನು ಲವಂಗಕ್ಕೆ ಚುಚ್ಚುಮದ್ದು ಹಾಕಿಸಿಕೊಂಡು, ದಾರಿಯಲ್ಲಿ ಇವರ ಮನೆಗೂ ಬಂದ. ಮಗಳು ಅಲ್ಲೇ ಇದ್ದಳು. ಬಾಗಿಲ ಹಿಂದೆ ಸರಿದು ನಿಂತಳು. ಲವಂಗ ಬೀಗಿತ್ತಿಯನ್ನು ಮೂಸಿತು, ಅವಳ ಗಂಡನ ಕೈ ನೆಕ್ಕಿತು. ನಂತರ ಬಾಗಿಲ ಹಿಂದಕ್ಕೂ ಹೋಗಿ ಮಗಳ ಕಾಲನ್ನು ನಿಧಾನವಾಗಿ ಮೂಸಿ, ಬಾಲ ನಾಲ್ಕು ಸಲ ಆಡಿಸಿತು. ಕುಣಿಯಲಿಲ್ಲ, ಹೆದರಲೂ ಇಲ್ಲ. ಮಗಳು ಕುಕ್ಕರಗಾಲಲ್ಲಿ ಕೂತು ಕತ್ತು ಮುಟ್ಟಿ ನೋಡಿದಳು. ಕೂದಲು ಒತ್ತಾಗಿ ಬೆಳೆದಿತ್ತು.

"ಬರ್ತೀಯೇನಮ್ಮ, ಮಿಲ್ಲಿನವರೆಗೆ?" ಎಂದ ಅಂಚೆಯವನು.

ಮಗಳು ಅಮ್ಮನ ಕಡೆ ತಿರುಗಿದಳು. "ಹೋಗಿ ಬಾ, ಅಡುಗೆ ಆಗೋದಕ್ಕೆ ಇನ್ನೂ ಹೊತ್ತಿದೆ" ಅಂದಳು ಬೀಗಿತ್ತಿ. ಮಗಳು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಹೊರಟಳು.