ಮಾನಮ್ಮನ ಫಾರಿನ್ ಹಲ್ಲು

ಮುಂಬಯಿ ಹತ್ತಿರದ ಶಹಾಡ್‌ನ ನಮ್ಮ ಚಾಳಿನಲ್ಲಿ ವಿಮಾನ ಹತ್ತಿದವರು ಯಾರೂ ಇಲ್ಲ, ಮಾನಮ್ಮನ ಹಲ್ಲುಗಳನ್ನು ಬಿಟ್ಟರೆ. ನೂಲಿನ ಕಾರ್ಖಾನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡಾಗ, ಕಲ್ಯಾಣದ ಹಲ್ಲಿನ ಡಾಕ್ಟರು ಅವಳ ಬಾಯಿಯ ಅಚ್ಚು ತೆಗೆದು ಹೊರದೇಶಕ್ಕೆ ಕಳಿಸಿದ್ದರು. ಅಲ್ಲಿ ಮಾಡಿಸಿದರೆ ನೋಡಲು ಚೆಂದ, ಇಲ್ಲಿಗಿಂತ ಅಗ್ಗ ಎಂದಿದ್ದರಂತೆ. ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಕೂರಿಸಿಕೊಂಡು ಬಂದ ದಿನ ಅವಳು ಒಂದೊಂದೇ ಬಾಗಿಲಲ್ಲಿ ನಿಂತು ನಕ್ಕಳು.

"ನೋಡ್ರಿ ಬಾಗಿಯಕ್ಕಾ, ಇಮಾನದಾಗ ಬಂದಾವ ಇವು."

"ನಿನಗಿಂತ ನಿನ್ನ ಹಲ್ಲೇ ಪುಣ್ಯ ಮಾಡಿದ್ದು ಮಾರಾಯ್ತಿ," ಎಂದೆ. ನಾನು ಇದೇ ಚಾಳಿನಲ್ಲಿ ದೋಸೆಹಿಟ್ಟು ಮಾರುವವಳು, ಅವಳ ಪಕ್ಕದ ಮನೆ.

ಮಾನಮ್ಮ ವಿಜಯಪುರದ ಕಡೆಯವಳು. ಮದುವೆಯಾಗಿ ಬಂದವಳು ನವಿ ಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಳು, ಆಮೇಲೆ ಕಾರ್ಖಾನೆ ಸೇರಿದಳು. ಗಂಡ ಶಂಕ್ರೆಪ್ಪ ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ಅವಳಿಗಿದ್ದದ್ದು ಒಂದೇ ಆಸೆ, ಮಗಳು ದಾನೇಶ್ವರಿ ನರ್ಸ್ ಆಗಬೇಕು. ಹುಡುಗಿ ನರ್ಸಿಂಗ್ ಓದುತ್ತಲೂ ಇದ್ದಳು. ಊರಿನಿಂದ ಅಣ್ಣ ಬಂದು ತನ್ನ ಮಗ ದಿಲೀಪನಿಗೆ ಹೆಣ್ಣು ಕೇಳಿದಾಗ ಮಾನಮ್ಮ ಊಟಕ್ಕೆ ಬಡಿಸಿ, "ಓದು ಮುಗೀಲಿ ಅಣ್ಣಾ, ಆಮ್ಯಾಲ ಅದರ ಮಾತು," ಎಂದು ಸಾಗಹಾಕಿದ್ದಳು. ನನಗೆ ಅವಳ ಮೇಲೆ ಗೌರವ ಬಂದದ್ದು ಆವತ್ತು.

ಕೆಲವು ತಿಂಗಳಿಗೆ ಅವಳ ಬಾಯಿ ಉರಿಯತೊಡಗಿತು. ಒಸಡು ಊದಿತು, ತುಟಿಯ ಒಳಗೆ ಬಿಳಿ ಪಟ್ಟೆ ಬಂತು, ಖಾರ ಮುಟ್ಟಲಾಗಲಿಲ್ಲ. ಅವಳಿಗೆ ಚಿಕ್ಕಂದಿನಿಂದ ತಂಬಾಕಿನ ಚಟ. ಇನ್ನು ಡಾಕ್ಟರು ಯಾಕೆ ಬೇಕು, ಇಡೀ ಚಾಳೇ ಕ್ಯಾನ್ಸರ್ ಎಂದು ಹೇಳಿ ಮುಗಿಸಿತು. ಹಲ್ಲಿನ ಡಾಕ್ಟರೂ ಇಣುಕಿ ನೋಡಿ, ಹಲ್ಲು ಸರಿಯಾಗಿದೆ, ಇದು ತಂಬಾಕಿನದೇ, ಪಟ್ಟೆ ಬಂದ ಕಡೆ ಒಂದು ತುಂಡು ತೆಗೆದು ಟೆಸ್ಟ್ ಮಾಡಿಸಿ ಎಂದರು.

"ಏಕ್ ಬಾರ್ ಟೆಸ್ಟ್ ಕರಾ ಲೇ ನಾ ಅವ್ವಾ," ಒಂದೇ ಸಲ ಮಾಡಿಸಿಕೋ ಎಂದು ಮಗಳು ಕಾಲು ಹಿಡಿದಳು.

"ಕತ್ರಿ ಹಾಕಿದ್ರ ಹರಡ್ತದವ್ವ. ನಮ್ಮ ಚಿಗವ್ವ ಹಂಗೇ ಸತ್ತಳು."

ನಾನೂ ಬೈದೆ. ಯಾರಿಗೆ ಹೇಳೋಣ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವಳು ತಂಬಾಕಿನ ಡಬ್ಬಿಯನ್ನು ಗಟಾರಕ್ಕೆಸೆದು ಅಣ್ಣನಿಗೆ ಫೋನ್ ಮಾಡಿದಳು. "ನಾ ಕಣ್ಣು ಮುಚ್ಚೂದ್ರಾಗ ಈಕಿ ತಲಿ ಮ್ಯಾಲ ಅಕ್ಕಿಕಾಳು ಬೀಳ್ಬೇಕು," ಎಂದಳು. ದಾನೇಶ್ವರಿ ಅತ್ತಳು, ಜಗಳವಾಡಿದಳು, ಊಟ ಬಿಟ್ಟಳು. ಸಾಯುವ ತಾಯಿಗೆ ಇಲ್ಲ ಎನ್ನಲು ಯಾವ ಮಗಳಿಗೆ ಬಾಯಿ ಬರುತ್ತದೆ? ಪರೀಕ್ಷೆಗೆ ಮೊದಲೇ ಕಾಲೇಜು ಬಿಟ್ಟು, ಊರಲ್ಲಿ ದಿಲೀಪನನ್ನು ಮದುವೆಯಾಗಿ ಅಲ್ಲೇ ಉಳಿದಳು.

ಮದುವೆ ಮುಗಿಸಿ ಬಂದ ಮಾನಮ್ಮ ಕೆಲಸವನ್ನೂ ಬಿಟ್ಟು, ಸಾವಿಗೆ ಕಾಯುತ್ತ ಹೊಸ್ತಿಲಲ್ಲಿ ಕೂತಳು. ದಿನಾ ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. "ಮಗಳದ್ದು ಆಯ್ತಲ್ಲ, ಇನ್ನು ಹರಡಿದರೆ ನಿಂಗೆ ಎಂತ ಹೋಗ್ತದೆ? ಏಳು," ಎಂದು ಠಾಣೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ತುಂಡು ತೆಗೆದರು. ಕ್ಯಾನ್ಸರ್ ಇರಲಿಲ್ಲ. ಅಲ್ಲಿನ ಡಾಕ್ಟರಮ್ಮ ಅವಳ ಹಲ್ಲು ಬೆರಳಿಂದ ಮುಟ್ಟಿ ನೋಡಿ, ನಕಲಿ ಒಡವೆ ಹಾಕಿದರೆ ಕಿವಿ ಹುಣ್ಣಾಗುತ್ತದೆಯೇ ಎಂದು ಕೇಳಿದರು. ಮಾನಮ್ಮ ಬೆರಗಾದಳು. ಬಂಗಾರ ಬಿಟ್ಟು ಏನು ಹಾಕಿದರೂ ಅವಳ ಕಿವಿ ಸೋರುತ್ತದೆ, ಅದಕ್ಕೇ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿರುತ್ತಾಳೆ. ಆ ಒಡವೆಗಳಲ್ಲಿರುವ ನಿಕ್ಕಲ್ ಎಂಬ ಲೋಹವೇ ಹಲ್ಲಿನೊಳಗೂ ಇರಬಹುದು ಎಂದರು ಡಾಕ್ಟರಮ್ಮ. ಚರ್ಮದ ಪರೀಕ್ಷೆ ಮಾಡಿಸಿ, ನಿಕ್ಕಲ್ ಅವಳ ಮೈಗಾಗದು ಎಂದು ಖಚಿತವಾದ ಮೇಲೆ ಆ ಹಲ್ಲುಗಳನ್ನು ತೆಗೆಸಿದರು. ತಿಂಗಳೊಪ್ಪತ್ತಿನಲ್ಲಿ ಬಾಯಿ ವಾಸಿಯಾಯಿತು. ಒಂದು ಹುಡುಗಿಯ ಓದು ನಿಂತದ್ದು ಇದಕ್ಕಾ?

ಮಾನಮ್ಮನನ್ನು ಕರೆದುಕೊಂಡು ಕಲ್ಯಾಣಕ್ಕೆ ಹೋದೆ. ಯಾವ ಲೋಹ ಹಾಕಿದ್ದಿರಿ ಎಂದು ಕೇಳಿದೆ. ಡಾಕ್ಟರು ಕಪಾಟು ತೆರೆದು ಹುಡುಕಿದರು, ಆಮೇಲೆ ಹೊರದೇಶದಿಂದ ಹಲ್ಲು ತರಿಸಿಕೊಡುವ ವಾಶಿಯ ಏಜೆಂಟನಿಗೆ ಫೋನ್ ಹಚ್ಚಿದರು. ಏಜೆಂಟನಿಗೂ ಗೊತ್ತಿರಲಿಲ್ಲ. ಪಾರ್ಸೆಲ್ ಬರುತ್ತದೆ, ನಾನು ಕೊಡುತ್ತೇನೆ ಎಂದನಂತೆ. ಮಾಡಿದವರ ಹೆಸರು ಇಬ್ಬರ ಬಳಿಯೂ ಇಲ್ಲ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೇನಿದೆಯೆಂದು ಬರೆದಿರುತ್ತದೆ. ಜನ್ಮವಿಡೀ ಬಾಯಲ್ಲಿಟ್ಟುಕೊಳ್ಳುವ ಹಲ್ಲಿಗೆ ಒಂದಕ್ಷರವಿಲ್ಲ. ಎಷ್ಟು ಜನರ ಬಾಯಲ್ಲಿ ಏನೇನು ಕೂತಿದೆಯೋ ಎಂದು ಗಾಬರಿಯಾಯಿತು. ಇಲ್ಲಿಯವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಎಂದರು ಡಾಕ್ಟರು.

ಆ ಸಂಜೆ ಮಾನಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗಳಿಗೆ ಫೋನ್ ಮಾಡಿದಳು.

"ದಾನೂ, ನನಗ ಕ್ಯಾನ್ಸರ್ ಇಲ್ಲವ್ವ. ಆ ಹಲ್ಲಿನಾಗಿನ ಲೋಹದಿಂದ ಆಗಿತ್ತಂತ. ಹಲ್ಲು ತೆಗೆದ್ರು, ಈಗ ಎಲ್ಲಾ ಆರಾಮ."

"ಖರೇನಾ ಅವ್ವಾ?" ಎಂದಳು ಹುಡುಗಿ. ಮತ್ತೊಮ್ಮೆ ಕೇಳಿದಳು. ನಕ್ಕಳು, ಅತ್ತಳು, ಮೂಗು ಒರೆಸಿಕೊಂಡದ್ದೂ ನನಗೆ ಕೇಳಿಸಿತು.

"ಹಂಗಾದ್ರ ನಾ ಇಲ್ಲಿ ಯಾಕ ಅದೀನಿ?" ಎಂದಳು.

ಮಾನಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.