ನಮ್ಮ ಬೀದಿಗೆ ಮಾನಾಕ್ಸೈಡ್ ಬೇಡವೆಂದು ಅರ್ಜಿ ಕೊಟ್ಟದ್ದು

ನಮ್ಮ ಮಾವನವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಎರಡು ಕೆಲಸ ಗಂಟುಬಿದ್ದವು. ಒಂದು, ದಾವಣಗೆರೆಯ ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷಗಿರಿ. ಇನ್ನೊಂದು, ಫೋನಿಗೆ ಬಂದ ಎಚ್ಚರಿಕೆಗಳನ್ನೆಲ್ಲ ಊರಿಗೆ ಹಂಚುವುದು. ಬೇಸಿಗೆಯ ಒಂದು ಬೆಳಿಗ್ಗೆ ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು.

"ಎಲ್ಲಾರೂ ಇಲ್ಲಿ ಕೇಳ್ರಿ," ಎಂದು ನಡುಮನೆಯಲ್ಲಿ ನಿಂತು ಓದತೊಡಗಿದರು. ಡೈಹೈಡ್ರೋಜನ್ ಮಾನಾಕ್ಸೈಡ್ ಅಂತ ಒಂದು ರಾಸಾಯನಿಕವಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಶ್ವಾಸಕೋಶಕ್ಕೆ ಹೊಕ್ಕರೆ ಸಾವು. ಆವಿಯಾದರೆ ಮೈ ಸುಡುತ್ತದೆ. ತರಕಾರಿಯಲ್ಲಿ, ಹಾಲಿನಲ್ಲಿ, ಮಕ್ಕಳ ಔಷಧಿಯಲ್ಲೂ ಸಿಕ್ಕಿದೆ. ಅಭ್ಯಾಸವಾದವರು ಬಿಟ್ಟರೆ ಬದುಕುವುದಿಲ್ಲ. ಇಷ್ಟಾದರೂ ಮನೆಮನೆಯ ನಲ್ಲಿಯಲ್ಲಿ ಅದನ್ನೇ ಬಿಡುತ್ತಿದ್ದಾರೆ!

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ರಸಾಯನಶಾಸ್ತ್ರಕ್ಕೆ ಹತ್ತನೇ ತರಗತಿಯಲ್ಲೇ ಕೈಮುಗಿದಿದ್ದೆ. ನಾನೂ ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟೆ.

ಮಾವ ಕೂಡಲೇ ಹರಿಹರದಲ್ಲಿರುವ ತಂಗಿಗೆ ಫೋನು ಹಚ್ಚಿದರು. ಹರಿಹರದತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅಣ್ಣ ಓದಿದ್ದನ್ನು ಪೂರ್ತಿ ಕೇಳಿ ಒಂದೆರಡು ಸಲ ಕೆಮ್ಮಿದರು.

"ಹೌದಣ್ಣ. ನಮ್ಮ ಹರಿಹರದಾಗಂತೂ ಹೊಳಿ ತುಂಬ ಅದೇ ಐತೆ."

"ಹೊಳಿ ತುಂಬಾನಾ! ಮತ್ತೆ ಜನ ಏನ್ ಮಾಡ್ತಾರವ್ವ?"

"ಏನ್ ಮಾಡ್ತಾರೆ, ಅದ್ರಾಗೇ ಮುಳುಗಿ ಸ್ನಾನ ಮಾಡ್ತಾರೆ. ಉಕ್ಕಡಗಾತ್ರಿ ಜಾತ್ರಿಗೆ ಹೋದೋರು ಬಾಟ್ಲಿ ತುಂಬಿಸ್ಕೊಂಡೂ ಬರ್ತಾರೆ."

"ನೀನು?"

"ಈಗಷ್ಟೇ ಒಂದು ಲೋಟ ಕುಡ್ದೆ ನೋಡಣ್ಣ."

ಮಾವ ಫೋನಿಟ್ಟು ಹಣೆ ಒರೆಸಿಕೊಂಡರು. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಸಂಜೆ ನಮ್ಮ ಜಗಲಿಯ ಮೇಲೆ ಸಭೆ ಸೇರಿತು. ಗಾದಿ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಸಾಹೇಬರು ಒಂದೇ ಪ್ರಶ್ನೆ ಕೇಳಿದರು. "ಬಣ್ಣ ಇಲ್ಲ, ವಾಸ್ನಿ ಇಲ್ಲ ಅಂದ್ರೆ ಐತೆ ಅಂತ ಗೊತ್ತಾಗೋದು ಹೆಂಗ್ರಿ?"

"ಅದೇ ಅಲ್ವೇನ್ರಿ ಅದರ ಖತರ್ನಾಕ್ ಗುಣ!" ಎಂದರು ಮಾವ. ಸಾಹೇಬರು ತಲೆದೂಗಿ ಸಹಿ ಹಾಕಿದರು.

ಅರ್ಜಿ ಬರೆಯುವ ಕೆಲಸ ನನಗೆ ಬಂತು. ನಾನು ಆ ಹೆಸರನ್ನು ಕನ್ನಡಕ್ಕೆ ತರಲು ಹೊರಟರೆ ಮಾವ ತಡೆದರು. "ಬ್ಯಾಡವ್ವ, ಹಂಗೇ ಇರ್ಲಿ. ಕನ್ನಡ ಮಾಡಿದ್ರೆ ಹೆದರ್ಕಿ ಹೋಗ್ತೈತೆ."

ಆ ವಾರ ಯಾರೋ ಕೇಬಲ್ ಹಾಕಲು ರಸ್ತೆ ಅಗೆದು ಪೈಪು ಒಡೆದಿದ್ದರು. ಬೀದಿಗೆ ನೀರು ಬಂದಿರಲಿಲ್ಲ. ಮಾವ, ಸಾಹೇಬರು, ನಾನು ಅರ್ಜಿ ಹಿಡಿದು ಹೊರಟಾಗ ನಮ್ಮತ್ತೆ ಖಾಲಿ ಕೊಡಗಳ ನಡುವಿನಿಂದ ಕೂಗಿದರು: "ಅದೇನೋ ನಿಲ್ಲಿಸೋದು ಆಮೇಲೆ ನಿಲ್ಲಿಸ್ರಿ, ಮೊದ್ಲು ನೀರು ಬಿಡಿಸ್ಕೊಂಡು ಬರ್ರಿ!"

ನೀರಿನ ಆಫೀಸಿನಲ್ಲಿ ಗುಮಾಸ್ತರು ಅರ್ಜಿಗೆ ಸೀಲು ಒತ್ತಿ ಒಳಗೆ ಕಳಿಸಿದರು. ಇಂಜಿನಿಯರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಓದುತ್ತ ಓದುತ್ತ ಅವರ ಮೀಸೆ ಕುಣಿಯತೊಡಗಿತು.

"ಸರ್, ಇದು ನಿಮ್ಮ ಬೀದಿಗೆ ಬರಬಾರ್ದು, ಅಷ್ಟೇನಾ?"

"ಒಂದು ಹನಿನೂ ಬರಬಾರ್ದು!" ಮಾವ ಮೇಜು ಗುದ್ದಿದರು.

"ಒಂದು ವಾರದಿಂದ ಬಂದೇ ಇಲ್ವಲ್ರಿ."

ಮಾವ ನನ್ನ ಮುಖ ನೋಡಿದರು. ಇಂಜಿನಿಯರೂ ನನ್ನ ಕಡೆಗೇ ತಿರುಗಿದರು. "ಮೇಡಂ, ಬರ್ದಿದ್ದು ನೀವಾ? ಹೈಡ್ರೋಜನ್‌ಗೆ ಕನ್ನಡದಾಗ ಏನಂತಾರೆ?"

"ಜಲಜನಕ," ಅಂದೆ.

"ಯಾಕ ಹಂಗಂತಾರೆ?"

"ಜಲಕ್ಕೆ ಜನಕ, ಅಂದ್ರೆ..." ಎಂದು ಬಿಡಿಸಹೊರಟೆ. ಎರಡು ಜಲಜನಕ, ಒಂದು ಆಮ್ಲಜನಕ. ಸಮಾಸ ಬಿಡಿಸಿ ಮಕ್ಕಳಿಗೆ ಅಂಕ ಕೊಡುವವಳು ನಾನು!

ನಾನು ಮುಗಿಸುವ ಮೊದಲೇ ಸಾಹೇಬರು ಬಾಯಿಬಿಟ್ಟರು. "ಯಾ ಅಲ್ಲಾ! ಪಾನಿ!" ಎಂದವರೇ ಕುರ್ಚಿಯ ಕೈ ಹಿಡಿದುಕೊಂಡು ನಗತೊಡಗಿದರು.

ಮಾವನ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, "ಆ ಅರ್ಜಿ ವಾಪಸ್ ಕೊಡ್ತೀರೇನ್ರಿ?" ಎಂದರು.

"ಸೀಲ್ ಬಿದ್ದೈತೆ ಸರ್. ಬೇಕಾದ್ರೆ ಇನ್ನೊಂದು ಕೊಡ್ರಿ."

ಹಾಗಾಗಿ ಅಲ್ಲೇ ಕೂತು ನಾನು ಇನ್ನೊಂದು ಬರೆದೆ: ಸದರಿ ರಾಸಾಯನಿಕವನ್ನು ನಮ್ಮ ಬೀದಿಗೆ ಆದಷ್ಟು ಬೇಗ, ಸಾಧ್ಯವಾದಷ್ಟು ಹೆಚ್ಚಿನ ಪ್ರಮಾಣದಲ್ಲಿ ಬಿಡಬೇಕಾಗಿ ವಿನಂತಿ. ಅಧ್ಯಕ್ಷರು ತಲೆಯೆತ್ತದೆ ಸಹಿ ಮಾಡಿದರು. ಮಾರನೆಯ ದಿನ ಪೈಪು ರಿಪೇರಿಯಾಗಿ ನೀರು ಬಂತು. ಇಡೀ ಬೀದಿಗೆ ನಡೆದದ್ದನ್ನು ಹೇಳುವ ಕೆಲಸವನ್ನು ಸಾಹೇಬರು ಯಾರೂ ಕೇಳದೆಯೇ ವಹಿಸಿಕೊಂಡರು.

ಭಾನುವಾರ ಮಾವ ನನ್ನನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದರು. ತಂಗಿಯ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಗೊತ್ತಿದ್ದೂ ಸುಳ್ಳು ಹೇಳ್ತೀಯಲ್ಲ, ನಾಚ್ಕಿ ಬ್ಯಾಡ್ವಾ ನಿನಗೆ?"

ಹರಿಹರದತ್ತೆ ಒಲೆ ಸಣ್ಣ ಮಾಡಿ ಹೊರಗೆ ಬಂದರು. "ಕೂಡಣ್ಣ. ನಾನು ಹೇಳಿದ್ರಾಗ ಯಾವ್ದು ಸುಳ್ಳು, ಅಷ್ಟು ಹೇಳು."

ಮಾವ ಕುಳಿತು ಯೋಚಿಸಿದರು. ಹೊಳೆ, ಸ್ನಾನ, ಬಾಟ್ಲಿ, ಲೋಟ ಎಂದು ಬೆರಳು ಮಡಚುತ್ತ ಹೋದರು. ಎಲ್ಲೂ ಸುಳ್ಳು ಸಿಗಲಿಲ್ಲ. ಕೊನೆಗೆ ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಅಣ್ಣ ತಂಗಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಗೆ ಸಾರು ಉಕ್ಕುತ್ತಿತ್ತು. ನಾನೇ ಎದ್ದು ಹೋಗಿ ಒಲೆ ಆರಿಸಿದೆ.