ಇಬ್ಬರೂ ಬಂದ ಗಾಡಿ

“ಊರಿಂದ ಹೇಗೆ ಬಂದೆ?”

ಶಿಕ್ಷೆ ಹೇಳಬೇಕಿದ್ದ ಮ್ಯಾಜಿಸ್ಟ್ರೇಟರು ಹೀಗೆ ಕೇಳಿದ್ದೇ ತಡ, ಬೇರೊಂದು ಕೇಸಿನ ಸಾಕ್ಷಿಗೆಂದು ದಾವಣಗೆರೆಯಿಂದ ಹರಿಹರದ ಕೋರ್ಟಿಗೆ ಹೋಗಿದ್ದ ನಾನು ಕಿವಿ ನಿಮಿರಿಸಿದೆ. ಭದ್ರಾ ಕಾಲುವೆಗೆ ಹೊಸದಾಗಿ ನೀರು ಬರುತ್ತಿದ್ದ ಕಾಲ. ನೀರಿನ ಸರದಿಗೆ ಜಗಳವಾಗಿ, ಪಕ್ಕದ ಹೊಲದವನಿಗೆ ಬಾರುಕೋಲಿನಿಂದ ಬಾರಿಸಿದ್ದನ್ನು ಕಡರನಾಯಕನಹಳ್ಳಿಯ ಆ ರೈತ ಆಗಷ್ಟೇ ಒಪ್ಪಿಕೊಂಡಿದ್ದ. ಅದಕ್ಕೂ ಮುಂಚೆ ಇಂಥದೇ ಹೊಡೆದಾಟಕ್ಕೆ ಇನ್ನೊಬ್ಬನನ್ನು ಜೈಲಿಗೆ ಕಳಿಸಿದ್ದರು.

“ಗಾಡಿ ಕಟ್ಕೊಂಡು ಬಂದೆ, ಸ್ವಾಮಿ.”

“ಏಟು ತಿಂದವನು?”

ಫಿರ್ಯಾದಿ ತಾನೇ ಎದ್ದು ನಿಂತ. “ನಾನೂ ಅವನ ಗಾಡ್ಯಾಗೇ ಬಂದೆ, ಸ್ವಾಮಿ. ನನ್ನ ಎತ್ತಿನ ಕಾಲು ಉಳುಕೈತೆ.”

ಎಲ್ಲರೂ ನಕ್ಕರು. ಮ್ಯಾಜಿಸ್ಟ್ರೇಟರು ಮಾತ್ರ ನಗಲಿಲ್ಲ. ಹೊಡೆದವನು ಸಂಜೆ ಕೋರ್ಟು ಏಳುವವರೆಗೆ ಅಲ್ಲೇ ಮೂಲೆಯಲ್ಲಿ ಕೂತಿರಬೇಕು, ಅದೇ ಶಿಕ್ಷೆ ಎಂದರು. ಅಂಥ ಶಿಕ್ಷೆಯೂ ಇದೆಯೆಂದು ನನಗೆ ಗೊತ್ತಾದದ್ದೇ ಅಂದು.

ಮಧ್ಯಾಹ್ನ ಊಟ ಮುಗಿಸಿ ಬಂದಾಗ ಫಿರ್ಯಾದಿ ಬೇವಿನ ಮರದಡಿ ಹೊಡೆದವನ ಗಾಡಿಯ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ.

“ಕೇಸು ಗೆದ್ದೆಯಲ್ಲಪ್ಪ, ಊರಿಗೆ ಹೋಗಬಾರದಾ?” ಎಂದೆ.

“ಹೆಂಗೆ ಹೋಗ್ಲಿರಿ? ಗಾಡಿ ಅವಂದು,” ಎಂದು ಮುಖ ಸಿಂಡರಿಸಿದ. ಸ್ವಲ್ಪ ಹೊತ್ತಿಗೆ ತನ್ನ ಬುತ್ತಿ ಬಿಚ್ಚಿ, ಎರಡು ರೊಟ್ಟಿ ಎತ್ತಿಕೊಂಡು ಕೋರ್ಟಿನ ಬಾಗಿಲಿಗೆ ಹೋದ. “ಅವನಿಗೆ ಕೊಡ್ರಿ, ಮುಂಜಾನಿಂದ ಉಂಡಿಲ್ಲ,” ಎಂದು ಜವಾನನ ಕೈಗಿಟ್ಟ.

ಆದೇಶದಲ್ಲಿದ್ದದ್ದು ಒಬ್ಬನ ಹೆಸರು. ಸಂಜೆಯವರೆಗೆ ಕೂತವರು ಇಬ್ಬರು. ಗಾಡಿಯ ಮಾತೆತ್ತಿದಾಗಲೇ ಮ್ಯಾಜಿಸ್ಟ್ರೇಟರಿಗೆ ಇದು ಹೊಳೆದಿತ್ತೇ? ಹರಿಹರದ ಸೇತುವೆ ದಾಟುವಾಗಲೆಲ್ಲ ನಾನು ಇದನ್ನೇ ಕೇಳಿಕೊಳ್ಳುತ್ತೇನೆ.